ಪಿಸ್ತೂಲಿಗೆ ಕೊಬ್ಬರಿ ಎಣ್ಣೆ

೨೧ ಫೆಬ್ರವರಿ ೨೦೨೧, ಭಾನುವಾರ

ಬರೆಯಿರಿ ಎಂದರು ಫೋನಿನಲ್ಲಿ ಆ ಹೆಂಗಸು. ಆಸ್ಪತ್ರೆಯವರು ಗೊತ್ತುಮಾಡಿದ ಕೌನ್ಸೆಲರ್, ಮುಖ ನೋಡಿಲ್ಲ. ಏನು ಬರೆಯಲಿ ಎಂದು ಕೇಳಿದೆ. ದಿನ ಹೇಗೆ ಕಳೆಯಿತೆಂದು ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ ಎಂದರು. ದಿನ ಕಳೆದರೆ ತಾನೇ ಬರೆಯುವುದು? ಕಾರ್ಕ್ ಊರಿನ ಹಾಲಿಹಿಲ್‌ನ ಈ ಅಡುಗೆಮನೆಯ ಕಿಟಕಿಯಲ್ಲಿ ಬೆಳಿಗ್ಗೆ ಯಾವ ಬೂದಿ ಬಣ್ಣವೋ ಸಂಜೆಯೂ ಅದೇ. ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದ ಆಫೀಸ್ ಕ್ಯಾಂಟೀನು ಕೋವಿಡ್ ಶುರುವಾದಾಗ ಮುಚ್ಚಿದ್ದು ಇನ್ನೂ ತೆರೆದಿಲ್ಲ.

ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್ ಎಂದು ಒಂದಿತ್ತು. ಉದ್ದ ಇದ್ದುದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ನನಗೆ ಯಾವತ್ತೂ ಬರಲಿಲ್ಲ. ಊಟಕ್ಕೆ ಕೂತು ಏನಾದರೂ ಹೇಳಲು ಶುರುಮಾಡಿದರೆ ಜಯಶೀಲಾ, "ಪ್ರೆಸಿ ಮಾಡಿ ಹೇಳ್ರೀ, ನನಗೆ ನೈಟ್ ಡ್ಯೂಟಿ ಐತೆ" ಎನ್ನುತ್ತಿದ್ದಳು. ಸರಿ, ಪ್ರೆಸಿ: ನನ್ನ ಹೆಂಡತಿ ಜಯಶೀಲಾ ಜನವರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡಳು, ಇಷ್ಟು ವರ್ಷ ತಾನು ನರ್ಸಾಗಿದ್ದ ಆಸ್ಪತ್ರೆಯಲ್ಲೇ. ಕೊನೆಗೆ ನಾನು ಅವಳನ್ನು ನೋಡಿದ್ದು ಇನ್ನೊಬ್ಬ ನರ್ಸ್ ಹಿಡಿದಿದ್ದ ಟ್ಯಾಬ್ಲೆಟ್ಟಿನಲ್ಲಿ. ಆ ಹುಡುಗಿಯ ಕೈ ನಡುಗುತ್ತಿತ್ತು. ಜಯಶೀಲಾಳ ಮುಖ ಚೌಕಟ್ಟಿನಿಂದ ಆಚೆ ಜಾರಿ ಜಾರಿ ಹೋಗುತ್ತಿತ್ತು. "ಸ್ವಲ್ಪ ನೆಟ್ಟಗೆ ಹಿಡಿಯಮ್ಮಾ" ಎಂದು ಕನ್ನಡದಲ್ಲಿ ಕೂಗಿದೆ. ಆ ಐರಿಷ್ ಹುಡುಗಿಗೆ ಹೇಗೆ ಗೊತ್ತಾಗಬೇಕು.

ಇವತ್ತು ಗಾರ್ಡಾ ಪೊಲೀಸರು ಇಬ್ಬರು ಬಂದಿದ್ದರು. ಮಾಸ್ಕ್ ಹಾಕಿಕೊಂಡು ಗೇಟಿನ ಹತ್ತಿರವೇ ನಿಂತು "ಸಾರಿ ಫಾರ್ ಯುವರ್ ಟ್ರಬಲ್" ಎಂದರು. ಟ್ರಬಲ್ ಎಂದರೆ ತೊಂದರೆ ಎಂದು ನಾನು ಬಿ.ಎ.ಯಲ್ಲಿ ಓದಿದ್ದು. ಇಲ್ಲಿ ನಲ್ಲಿ ಕೆಟ್ಟರೂ ಟ್ರಬಲ್, ಹೆಂಡತಿ ಸತ್ತರೂ ಟ್ರಬಲ್.

ಅವರು ಬಂದದ್ದು ಅವಳ ಗಾಳಿ ಪಿಸ್ತೂಲಿಗೆ. ಭಾನುವಾರ ಡ್ಯೂಟಿ ಇಲ್ಲದಿದ್ದರೆ ಅವಳು ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಹೋಗಿ, ಹತ್ತು ಮೀಟರ್ ದೂರದ ಕಾಗದದ ಮೇಲಿನ ಕಪ್ಪು ಬಿಲ್ಲೆಗೆ ಗುರಿಯಿಡುತ್ತಿದ್ದಳು. ವಾರವೆಲ್ಲ ಸೂಜಿ ಚುಚ್ಚುವವಳಿಗೆ ಭಾನುವಾರವೂ ಚುಚ್ಚೋದೇ ಬೇಕೇ ಎಂದು ರೇಗಿಸುತ್ತಿದ್ದೆ. ಲೈಸೆನ್ಸ್ ಅವಳ ಹೆಸರಿನದು. ಅವಳಿಲ್ಲದ ಮೇಲೆ ಅದು ಈ ಮನೆಯಲ್ಲಿ ಇರುವಂತಿಲ್ಲವಂತೆ. ಕ್ಲಬ್ಬಿನ ಕಬ್ಬಿಣದ ಕಪಾಟಿಗೆ ಹೋಗುತ್ತದೆ. ಜುಲೈ ಮುಗಿಯುವುದರೊಳಗೆ ಬೇರೆ ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಸರಿ, ಇಲ್ಲದಿದ್ದರೆ ಡೀಲರ್ ಬಂದು ಮಾರಾಟಕ್ಕೆ ಒಯ್ಯುತ್ತಾನೆ.

ಕೊಡುವ ಮೊದಲು ಪೆಟ್ಟಿಗೆ ತೆರೆದು ನೋಡಿದೆ. ಅದರ ಹಿಡಿ ಮರದ್ದು. ಅವಳ ಅಂಗೈಗೆ ಹೊಂದುವ ತನಕ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಹೆಬ್ಬೆರಳು ಕೂರಲು ಒಂದು ತಗ್ಗು, ಟ್ರಿಗರ್ ಒತ್ತುವ ಬೆರಳು ಬಿಟ್ಟು ಉಳಿದ ಮೂರಕ್ಕೆ ಮೂರು ತಗ್ಗು. ಅವಳು ಈಗತಾನೇ ಕೈ ತೆಗೆದು ಒಳಗೆ ಹೋದ ಹಾಗಿತ್ತು. ಆ ಪೊಲೀಸ್ ಹುಡುಗ ಮುಚ್ಚಳ ಹಾಕಿದ.

೩ ಮಾರ್ಚ್, ಬುಧವಾರ

ಇವತ್ತು ಗುಂಡು ಆರಿಸಿದೆ.

ಪೊಲೀಸರು ಪಿಸ್ತೂಲು ಕೇಳಿದರೇ ಹೊರತು ಗುಂಡಿನ ಡಬ್ಬಿಗಳನ್ನು ಯಾರೂ ಕೇಳಲಿಲ್ಲ. ಹುಳಿಪುಡಿಯ ಪಕ್ಕದಲ್ಲಿ ಮುಲಾಮಿನ ಡಬ್ಬಿಗಳ ಹಾಗೆ ಕೂತಿವೆ. ಪಿಸ್ತೂಲು ಅವಳದು, ಗುಂಡಿನ ಉಸಾಬರಿ ನನ್ನದು. ಅವಳಿಗೆ ಪುರುಸೊತ್ತು ಎಲ್ಲಿತ್ತು?

ಒಂದೊಂದು ಗುಂಡೂ ಹೆಸರುಕಾಳಿನಷ್ಟು. ಮೆತ್ತನೆಯ ಸೀಸ. ತಲೆ ಚಪ್ಪಟೆ, ಸೊಂಟ ಸಣ್ಣ, ಕೆಳಗೆ ಲಂಗದ ಹಾಗೆ ಅಗಲ. ಸ್ಟೀಲ್ ತಟ್ಟೆಯನ್ನು ಒಂದು ಕಡೆ ಎತ್ತಿ ಹಿಡಿದು ಒಂದೊಂದನ್ನೇ ಉರುಳಿಸಬೇಕು. ಸರಿಯಾದ ಗುಂಡು ಬಿಲ್ಲಿನ ಹಾಗೆ ಬಾಗಿ ಉರುಳಿ ಯಾವಾಗಲೂ ಒಂದೇ ಜಾಗಕ್ಕೆ ಬರುತ್ತದೆ. ಲಂಗ ನಗ್ಗಿದ್ದು ಕುಂಟಿಕೊಂಡು ಬೇರೆ ಕಡೆ ಹೋಗುತ್ತದೆ. ಕುಂಟಿದ್ದನ್ನು ತೆಗೆದುಹಾಕಿ ಉಳಿದದ್ದನ್ನು ಚಿನ್ನದಂಗಡಿಯ ತಕ್ಕಡಿಯಂಥದ್ದರಲ್ಲಿ ತೂಗಿ, ಒಂದೇ ತೂಕದವನ್ನು ಒಂದು ಡಬ್ಬಿಗೆ. ಭಾರ ಇದ್ದರೆ ತಪ್ಪಿಲ್ಲ, ಹಗುರ ಇದ್ದರೂ ತಪ್ಪಿಲ್ಲ. ಒಂದು ಭಾರ ಒಂದು ಹಗುರ ಆದರೆ ಮಾತ್ರ, ಕೈ ಎಷ್ಟೇ ಗಟ್ಟಿಯಿದ್ದರೂ ಒಂದು ಮೇಲೆ ಬೀಳುತ್ತದೆ, ಒಂದು ಕೆಳಗೆ.

ಇದನ್ನು ಹೇಳಿಕೊಟ್ಟವಳು ಅವಳೇ, ಅವಳಿಗೆ ಅವಳಪ್ಪ. ನನ್ನ ಮಾವ ಪುಟ್ಟಣ್ಣನವರಿಗೆ ಹೆಗ್ಗಡದೇವನಕೋಟೆ ಕಡೆ ಹೊಲ, ಹಂದಿ ಕಾಟಕ್ಕೆ ಲೈಸೆನ್ಸಿನ ಕೇಪಿನ ಕೋವಿ. ಕೋವಿಗೆ ಮದ್ದು ತುಂಬುವಾಗ ಬಿದಿರಿನ ಅಳತೆಯನ್ನು ಮಗಳ ಕೈಲಿ ಹಿಡಿಸುತ್ತಿದ್ದರಂತೆ. "ನಿನ್ನೆ ಎಷ್ಟೋ ಇವತ್ತೂ ಅಷ್ಟೇ ಕಣವ್ವಾ. ಒಂದ್ ಚಿಟಿಕೆ ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ." ಮದ್ದು ಅಳತೆಯ ಅಂಚಿನ ಮಟ್ಟಕ್ಕೆ ಬಂದಿದೆಯೋ ಇಲ್ಲವೋ ಎಂದು ಅವಳು ಮೂಗು ತಾಗಿಸಿ ನೋಡುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ಔಷಧಿ ಎಳೆಯುವಾಗಲೂ ಹಾಗೇ ನೋಡುತ್ತಿದ್ದಳಂತೆ. ಅದನ್ನು ಹೇಳಿದ್ದು ಅವಳ ಜೊತೆಯವರು, ಆಮೇಲೆ.

ತಟ್ಟೆ ಖಾಲಿಯಾದ ಮೇಲೆ ಗೊತ್ತಾಯಿತು, ಹೊಡೆಯುವವರೇ ಇಲ್ಲ, ಯಾರಿಗೆಂದು ಆರಿಸಿದೆ? ಕ್ಲಬ್ಬಿನ ಸೆಕ್ರೆಟರಿ ಫಿನ್‌ಬಾರ್‌ಗೆ ಫೋನ್ ಮಾಡಿದೆ. ಬಸ್ ಓಡಿಸಿ ರಿಟೈರಾದವನು. ಜಯಶೀಲಾಗೆ ಪಿಸ್ತೂಲು ಹಿಡಿಯಲು ಕಲಿಸಿದವನು ಅವನೇ. ಆ ಪಿಸ್ತೂಲು ನನಗೆ ಬೇಕು, ಏನು ಮಾಡಬೇಕು ಎಂದೆ.

"ನಿನಗಾ? ನೀನು ಕಾರಲ್ಲಿ ಕೂತು ಪೇಪರ್ ಓದ್ತಿದ್ದವನಲ್ವಾ, ಗುರು?"

ಗುರುದತ್ ಎಂಬುದು ಅವನ ಬಾಯಿಗೆ ದೊಡ್ಡದು.

"ನನಗೇ" ಎಂದೆ.

ಅರ್ಜಿಯ ಜೊತೆಗೆ ಅವನು ಸಹಿ ಹಾಕಿದ ಒಂದು ಕಾಗದ ಬೇಕಂತೆ, ಈ ಮನುಷ್ಯನಿಗೆ ಪಿಸ್ತೂಲು ಹಿಡಿಯಲು ಬರುತ್ತದೆ ಎಂದು. ಅದಕ್ಕೆ ಅವನದೇ ಕ್ಲಬ್ಬಿನ ನಿಯಮ: ಅವನ ಕಣ್ಣೆದುರಿಗೆ ಹತ್ತು ಗುಂಡು, ಹತ್ತೂ ಕಪ್ಪು ಬಿಲ್ಲೆಯ ಒಳಗೆ. "ಒಂಬತ್ತು ಬಿದ್ರೆ ನಮ್ಮಮ್ಮನಿಗೂ ಸಹಿ ಹಾಕಲ್ಲ" ಎಂದ. ಲಾಕ್‌ಡೌನ್ ಮುಗಿದು ಕ್ಲಬ್ಬು ತೆರೆದಾಗ ಬಾ ಎಂದ.

೧೯ ಮಾರ್ಚ್

ಮತ್ತೆ ಇಬ್ಬರಿಗಾಗುವಷ್ಟು ಅಕ್ಕಿ ಇಟ್ಟಿದ್ದೆ. ಉಣ್ಣಲಿಲ್ಲ. ಮಲಗಿದೆ.

೧೩ ಏಪ್ರಿಲ್, ಯುಗಾದಿ

ನಮಗೆ ಈ ವರ್ಷ ಹಬ್ಬವಿಲ್ಲ. ಎಣ್ಣೆಸ್ನಾನವಿಲ್ಲ, ಬೇವುಬೆಲ್ಲವಿಲ್ಲ. ಇದ್ದರೂ ಯಾರು ಮಾಡಬೇಕಾಗಿತ್ತು? ಸ್ನಾನವನ್ನೇ ಯಾವತ್ತು ಮಾಡಿದೆನೋ.

ಅವಳ ಕೊಬ್ಬರಿ ಎಣ್ಣೆಯ ಬಾಟಲಿ ಬಚ್ಚಲಿನ ಕಿಟಕಿಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ. ಈ ದೇಶದ ಚಳಿಗೆ ಅದು ಎಣ್ಣೆಯಾಗಿರುವುದೇ ಅಪರೂಪ, ವರ್ಷವೆಲ್ಲ ಮೇಣ. ಭಾನುವಾರ ಬಿಸಿನೀರಿನ ಚೊಂಬಿನಲ್ಲಿ ಬಾಟಲಿ ಅದ್ದಿ ಕರಗಿಸಿಕೊಡುವುದು ನನ್ನ ಕೆಲಸವಾಗಿತ್ತು. ಬೇಸಿಗೆಯಲ್ಲಿ ಎರಡೋ ಮೂರೋ ದಿನ ಅದು ತಾನಾಗಿ ಕರಗುತ್ತಿತ್ತು, ಕೆಲವು ವರ್ಷ ಅದೂ ಇಲ್ಲ. ಕರಗಿದ ದಿನ ಜಯಶೀಲಾಗೆ ಹಬ್ಬ. ವಿಮಾನ ನಿಲ್ದಾಣದ ಪಕ್ಕದ ಸ್ವೋರ್ಡ್ಸ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ, "ಎಣ್ಣೆ ಕರಗ್ತು ಕಣೇ!" ಎನ್ನುತ್ತಿದ್ದಳು. ಬೇಸಿಗೆ ಬಂತು ಎಂದು ಅದರರ್ಥ, ಟೀವಿಯವರು ಏನೇ ಹೇಳಲಿ.

ಆ ಮಗಳು, ನಿಖಿತಾ, ವಿಡಿಯೋ ಕಾಲ್ ಮಾಡಿದ್ದಳು. ತಮ್ಮ ಜಿಲ್ಲೆ ದಾಟುವಂತಿಲ್ಲ ಎಂಬ ನಿಯಮ, ಇನ್ನೂ ಬರಲಾಗಿಲ್ಲ. ನಾವು ಇಲ್ಲಿಗೆ ಬಂದಾಗ ಅವಳಿಗೆ ಮೂರು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಕಾರ್ಕಿನವರ ಹಾಗೆ ರಾಗವಾಗಿ. ಲೈಸೆನ್ಸಿಗೆ ನಾನು ಬರೆದ ಅರ್ಜಿಯನ್ನು ಓದಿ ತೋರಿಸಿದೆ. "ಐ ಬೆಗ್ ಟು ಸ್ಟೇಟ್ ದಟ್" ಎಂದು ಶುರುಮಾಡಿದ್ದೆ.

"ಅಪ್ಪಾ, ನೋಬಡಿ ಬೆಗ್ಸ್ ಹಿಯರ್" ಎಂದು ನಕ್ಕಳು. ಆಮೇಲೆ ಯಾವುದಕ್ಕೆ ಅರ್ಜಿ ಎಂದು ತಿಳಿದು ನಗು ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಅವಳು ಕಣ್ಣು ಮಿಟುಕಿಸಿದಳು, ಆದ್ದರಿಂದ ಹೋಗಿರಲಿಲ್ಲ.

೧೬ ಮೇ, ಭಾನುವಾರ

ನಿಯಮ ಸಡಿಲವಾಯಿತು. ನಿಖಿತಾ ಬಂದು ಎರಡು ದಿನ ಇದ್ದು ಈಗ ಹೋದಳು. ಫ್ರಿಜ್ಜು ತೊಳೆದಳು. ಗುಂಡು ಉರುಳಿಸುವ ತಟ್ಟೆಯನ್ನು ಕಸಕ್ಕೆ ಹಾಕಿದಳು. "ಇಟ್ಸ್ ಲೆಡ್, ಅಪ್ಪಾ! ಇದರಲ್ಲೇ ಊಟ ಮಾಡ್ತೀರಾ?" ಮಾಡುತ್ತಿರಲಿಲ್ಲ, ಬೇರೆಯೇ ಇಟ್ಟಿದ್ದೆ, ನಂಬಲಿಲ್ಲ. ಸೋಪಿನಲ್ಲಿ ನನ್ನ ಕೈ ತೊಳೆಸಿದಳು, ಅವಳಮ್ಮ ಅವಳಿಗೆ ತೊಳೆಸುತ್ತಿದ್ದ ಹಾಗೆ, ಬೆರಳ ಸಂದಿಯನ್ನೂ ಬಿಡದೆ.

ಊಟವಾದ ಮೇಲೆ ಕನ್ನಡದಲ್ಲಿ ಮಾತಾಡಿದಳು. ಕನ್ನಡದಲ್ಲಿ ಶುರುಮಾಡಿದರೆ ಏನೋ ಇದೆ ಎಂದೇ ಲೆಕ್ಕ.

"ಅಪ್ಪಾ, ಆ ಪಿಸ್ತೂಲು ನಿಮಗೆ ಯಾಕೆ?"

"ಅಮ್ಮಂದು."

"ಅಮ್ಮಂದು ಸೀರೆ ಇವೆ. ವಾಚ್ ಇದೆ."

"ಅದ್ರಲ್ಲಿ ಕಾಗದಕ್ಕೆ ತೂತು ಬೀಳತ್ತೆ ಅಷ್ಟೇ ಕಣಮ್ಮಾ."

"ಐ ನೋ ವಾಟ್ ಇಟ್ ಡಸ್" ಎಂದು ಎದ್ದುಹೋದಳು.

ಹಿಡಿಯ ವಿಷಯ ಅವಳಿಗೆ ಹೇಳಬೇಕಿತ್ತು. ಹೇಳಲು ಹೋದರೆ ಬೇರೇನೋ ಮಾತು ಬಂದುಬಿಡುತ್ತದೆ. ಕಾರು ಸ್ಟಾರ್ಟ್ ಮಾಡಿ ತುಂಬ ಹೊತ್ತು ಹೊರಡದೆ ಕೂತಿದ್ದಳು. ಏನಾದರೂ ಮರೆತಳೋ ಏನೋ.

ಸಂಜೆ ತಲೆನೋವು. ಮಾತ್ರೆ ಹುಡುಕಿದರೆ ಡ್ರಾಯರಿನಲ್ಲಿ ಒಂದೂ ಇಲ್ಲ. ಫೋನ್ ಮಾಡಿ ಕೇಳಿದೆ. ಅಮ್ಮನ ಮಾತ್ರೆಗಳನ್ನೆಲ್ಲ ಫಾರ್ಮಸಿಗೆ ಹಿಂದಿರುಗಿಸಿದಳಂತೆ, ತಾರೀಖು ಮುಗಿದಿತ್ತಂತೆ. ಎಲ್ಲದಕ್ಕೂ ಒಟ್ಟಿಗೇ ಮುಗಿದಿತ್ತೇ? ಇರಬಹುದು.

೧೩ ಜೂನ್, ಭಾನುವಾರ

ಕ್ಲಬ್ಬು ತೆರೆಯಿತು. ಹಿಂದೆ ಬೆಣ್ಣೆ ತೆಗೆಯುವ ಕ್ರೀಮರಿಯಾಗಿದ್ದ ಕಲ್ಲಿನ ಕಟ್ಟಡ, ಹಾಲು ಕೆಡಬಾರದೆಂದು ಕಟ್ಟಿದ್ದು. ಹೊರಗೆ ಜೂನ್ ಆದರೂ ಒಳಗೆ ಬೆರಳು ಸೆಟೆದುಕೊಳ್ಳುತ್ತವೆ.

"ಬಂದ್ಯಾ, ಬಾಯ್" ಎಂದ ಫಿನ್‌ಬಾರ್. ನನಗೆ ಅರವತ್ತೊಂದು. ಈ ಊರಿನಲ್ಲಿ ಗಂಡಸರು ಸಾಯುವ ತನಕ ಬಾಯ್. ಅವನು ಕಪಾಟು ತೆರೆದು ಪೆಟ್ಟಿಗೆ ತಂದಿಟ್ಟ. ಅವನ ಕಣ್ಣೆದುರಿಗೆ, ಅವನು ಪಕ್ಕದಲ್ಲಿದ್ದಾಗ ಮಾತ್ರ ನಾನು ಅದನ್ನು ಮುಟ್ಟಬಹುದು.

ನನ್ನ ಕೈ ಹಿಡಿಯೊಳಗೆ ಹೋಗಲಿಲ್ಲ. ನನ್ನದು ಅಗಲ ಕೈ. ಅವಳ ಬೆರಳಿನ ತಗ್ಗುಗಳ ಮೇಲೆ ನನ್ನ ಬೆರಳು ಹತ್ತಿ ಕೂತವು. ಅವಳ ಕೈಯ ಮೇಲೆ ಕೈ ಇಟ್ಟ ಹಾಗಾಯಿತು. ಹಾಗೇ ನಿಂತುಬಿಟ್ಟೆ. ಫಿನ್‌ಬಾರ್ ಕಿಟಕಿಯ ಕಡೆ ತಿರುಗಿ ಹವಾಮಾನದ ಬಗ್ಗೆ ಏನೋ ಹೇಳುತ್ತಿದ್ದ.

ಹತ್ತರಲ್ಲಿ ನಾಲ್ಕು ಕಪ್ಪಿನೊಳಗೆ.

"ಹಿಡಿ ನಿನ್ನ ಕೈಗೆ ಚಿಕ್ಕದು. ಉಪ್ಪುಕಾಗದ ಕೊಡ್ತೀನಿ, ಅರ್ಧ ಗಂಟೆ ಉಜ್ಜು. ಇನ್ನೂ ನಾಲ್ಕು ತಾನಾಗಿ ಒಳಗೆ ಬೀಳ್ತವೆ" ಎಂದ.

"ಬೇಡ."

"ಮರ ಅಷ್ಟೇ ಬಾಯ್, ನೋವಾಗಲ್ಲ ಅದಕ್ಕೆ."

"ಬೇಡ ಅಂದ್ನಲ್ಲ."

"ಸರಿ ಬಿಡು. ಹಾಗಾದ್ರೆ ಗುಂಡಾದ್ರೂ ಸರಿ ಮಾಡ್ಕೊ. ಇವು ನೋಡು, ಬೂಷ್ಟು ಹಿಡಿದ ಹಾಗಿವೆ."

ನಿಜ. ವರ್ಷದಿಂದ ತೆರೆದಿಟ್ಟ ಡಬ್ಬಿ, ಸೀಸದ ಮೇಲೆ ಬಿಳಿ ಪುಡಿ ಕೂತಿದೆ.

೧೬ ಜೂನ್, ಬುಧವಾರ

ಇವತ್ತು ಹೊಳೆದದ್ದು ಒಳ್ಳೆಯ ಉಪಾಯ ಎಂದುಕೊಂಡಿದ್ದೇನೆ.

ಯೂಟ್ಯೂಬಿನಲ್ಲಿ ಒಬ್ಬ ಜರ್ಮನ್ ಮುದುಕ ಹೇಳಿದ: ಗುಂಡುಗಳನ್ನು ತೊಳೆದು, ಒಣಗಿಸಿ, ಎಣ್ಣೆಯ ತೆಳುಪೊರೆ ಕೊಟ್ಟರೆ ಸೀಸ ಬಿಳಿಚಿಕೊಳ್ಳುವುದಿಲ್ಲ, ನಳಿಗೆಯಲ್ಲಿ ಎಲ್ಲವೂ ಒಂದೇ ರೀತಿ ಜಾರುತ್ತವೆ. ಯಾವ ಎಣ್ಣೆ ಎಂದು ಹೇಳಿದನೋ ಇಲ್ಲವೋ, ಅವನ ಇಂಗ್ಲಿಷು ನನ್ನದಕ್ಕಿಂತ ಕಡೆ. ಮನೆಯಲ್ಲಿದ್ದದ್ದು ಒಗ್ಗರಣೆಯ ಎಣ್ಣೆ, ಮತ್ತೆ ಅದು.

ಚೊಂಬಿನಲ್ಲಿ ಬಿಸಿನೀರು ತಂದು ಬಾಟಲಿ ಅದ್ದಿದೆ. ಅಂಚಿನಿಂದ ಕರಗಿತು, ನಡುವೆ ಬಿಳಿ ಗಟ್ಟಿ ಸ್ವಲ್ಪ ಹೊತ್ತು ತೇಲಿತು, ಆಮೇಲೆ ಅದೂ ಹೋಯಿತು. ಮುಚ್ಚಳ ತೆಗೆದಾಗ ಅಡುಗೆಮನೆಗೆ ಅವಳು ಬಂದು ನಿಂತ ಹಾಗಾಯಿತು. ತಿರುಗಿ ನೋಡಿದೆ. ನೋಡಬಾರದಿತ್ತು.

ಹನಿ ಹಾಕಿ ಅಂಗೈಯಲ್ಲಿ ಗುಂಡುಗಳನ್ನು ಹೊರಳಿಸಿದೆ. ಫಳಫಳ ಹೊಳೆದವು, ತಲೆಗೆ ಎಣ್ಣೆ ಹಾಕಿಸಿಕೊಂಡು ಸಾಲಾಗಿ ಕೂತ ಮಕ್ಕಳ ಹಾಗೆ.

೨೦ ಜೂನ್, ಭಾನುವಾರ

ಒಂದು ಒಳಗೆ. ಎರಡು ಕಾಗದಕ್ಕೇ ಬೀಳಲಿಲ್ಲ.

ಆದರೆ ಪ್ರತಿ ಸಲ ಗುಂಡು ಇಡುವಾಗಲೂ ಆ ವಾಸನೆ ಬರುತ್ತಿತ್ತು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಫಿನ್‌ಬಾರ್ ಹಿಂದಿನಿಂದ, "ಹಾರಿಸ್ತೀಯೋ ಮುತ್ತು ಕೊಡ್ತೀಯೋ ಅದಕ್ಕೆ?" ಎಂದ. ಉಳಿದಿಬ್ಬರು ಸದಸ್ಯರು ಮಾಸ್ಕಿನೊಳಗೆ ನಕ್ಕರು.

ಗುಂಡಿನಲ್ಲಿ ಕುಂಟಿದ್ದು ಒಂದೂ ಇರಲಿಲ್ಲ, ಹೊಸ ತಟ್ಟೆಯಲ್ಲಿ ಉರುಳಿಸಿ ಎರಡೆರಡು ಸಲ ತೂಗಿದ್ದೆ. ಹಾಗಾದರೆ ತಪ್ಪು ಕೈಯದು. ನಡುಗುತ್ತಿದೆ. ಟ್ಯಾಬ್ಲೆಟ್ ಹಿಡಿದಿದ್ದ ಆ ಹುಡುಗಿಯನ್ನು ನಾನು ಎಷ್ಟು ಬೈದುಕೊಂಡಿದ್ದೆ. ಅವಳಿಗೂ ಹೀಗೇ ಆಗಿರಬೇಕು, ನಿಲ್ಲು ಎಂದರೆ ಕೈ ನಿಲ್ಲುವುದಿಲ್ಲ.

ಇದು ನನ್ನಿಂದ ಆಗುವುದಿಲ್ಲ. ಇದಷ್ಟೇ ಅಲ್ಲ, ಯಾವುದೂ.

೨೭ ಜೂನ್, ಭಾನುವಾರ

ಇನ್ನೂ ಎಣ್ಣೆ ಹಚ್ಚಿಕೊಂಡು ಹೋಗಿದ್ದೆ. ಇನ್ನೂ ಕೆಟ್ಟದಾಯಿತು. ಒಂದು ಗುಂಡು ಕಾಗದ ಸಿಕ್ಕಿಸುವ ಕ್ಲಿಪ್ಪಿಗೇ ಬಡಿದು ಟಣ್ ಎಂದಿತು. ಫಿನ್‌ಬಾರ್ ಪಿಸ್ತೂಲು ತೆಗೆದುಕೊಂಡ. ಖಾಲಿ ಮಾಡಿ, ಟಾರ್ಚ್ ಬಿಟ್ಟು ನಳಿಗೆಯೊಳಗೆ ನೋಡಿದ. ಉಣ್ಣೆಯ ಸಣ್ಣ ಬಿಲ್ಲೆಯೊಂದನ್ನು ಕಡ್ಡಿಯಲ್ಲಿ ಒಳಗೆ ತಳ್ಳಿದ. ಇನ್ನೊಂದು ತುದಿಯಿಂದ ಅದು ಬಿಳಿ ಮೇಣ ಮೆತ್ತಿಕೊಂಡು ಬಂತು.

"ಏನಿದು, ಬೆಣ್ಣೆಯಾ? ಬೆಣ್ಣೆ ಮಾರೋದ್ರಲ್ಲಿ ಕಾರ್ಕಿನವರನ್ನ ಮೀರಿಸಿದವರಿಲ್ಲ ಗುರು, ಆದ್ರೆ ನಾವು ಯಾರೂ ಪಿಸ್ತೂಲಿಗೆ ಹಚ್ಲಿಲ್ಲ!"

ಎಲ್ಲರೂ ನಕ್ಕರು. ನನಗೆ ಆಗ ಹೊಳೆಯಿತು. ಅಡುಗೆಮನೆಯ ಬೆಚ್ಚಗಿನಲ್ಲಿ ಎಣ್ಣೆ, ಈ ಕಲ್ಲಿನ ಕೋಣೆಯಲ್ಲಿ ಮೇಣ. ಒಂದು ಗುಂಡಿಗೆ ದಪ್ಪ, ಇನ್ನೊಂದಕ್ಕೆ ತೆಳು. ಎಲ್ಲವೂ ಒಂದೇ ಇರಲಿ ಎಂದು ಹಚ್ಚಿದ್ದು ಒಂದೊಂದನ್ನೂ ಬೇರೆ ಬೇರೆ ಮಾಡಿತ್ತು. ಹತ್ತೊಂಬತ್ತು ವರ್ಷ ಈ ದೇಶದಲ್ಲಿ ಆ ಬಾಟಲಿಯನ್ನು ಬಿಸಿನೀರಿಗೆ ಅದ್ದಿದ ಕೈ ಇದು. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು?

"ಬೆಣ್ಣೆಯಲ್ಲ. ಜಯಶೀಲಾ ತಲೆಗೆ ಹಾಕ್ಕೊಳ್ತಿದ್ದ ಎಣ್ಣೆ" ಎಂದೆ.

ನಗು ನಿಂತಿತು. ಫಿನ್‌ಬಾರ್ ಕೈಲಿದ್ದ ಬಿಲ್ಲೆಯನ್ನು ನೋಡಿದ, ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೂಲೆಯಲ್ಲಿ ಮೆಲ್ಲನೆ ಇಟ್ಟ.

"ಇದನ್ನ ಪೂರ್ತಿ ತೆಗೀದೆ ಇದು ನೆಟ್ಟಗೆ ಹೊಡೆಯಲ್ಲ" ಎಂದ. "ಕಾಗದ ಪತ್ರ ಓಡಾಡಕ್ಕೆ ದಿನ ಬೇಕು. ಹದಿನೆಂಟನೇ ತಾರೀಖಿನೊಳಗೆ ನಾನು ಸಹಿ ಹಾಕಿರಬೇಕು. ಬಿಲ್ಲೆ ಇಲ್ಲಿವೆ, ಕಡ್ಡಿ ಇಲ್ಲಿದೆ. ಕ್ಲೀನ್ ನೀನೇ ಮಾಡು. ನಾನು ಮಾಡಲ್ಲ."

ನಾನೂ ಮಾಡಲಿಲ್ಲ. ಮನೆಗೆ ಬಂದೆ.

೪ ಜುಲೈ, ಭಾನುವಾರ

ಹೋಗಲಿಲ್ಲ. ಗುಂಡುಗಳನ್ನು ಸೋಪಿನ ನೀರಿನಲ್ಲಿ ತೊಳೆದರೆ ಆಯಿತು. ತೊಳೆಯಲಿಲ್ಲ. ಪರದೆ ತೆಗೆಯಲಿಲ್ಲ. ಫಿನ್‌ಬಾರ್ ಫೋನ್ ಮಾಡಿದ, ಎತ್ತಲಿಲ್ಲ. ನಿಖಿತಾ ಮಾಡಿದಳು, ಎತ್ತಲಿಲ್ಲ. ಅವಳು ಮತ್ತೆ ಮಾಡಿದಳು. ಹಾಸಿಗೆಯಲ್ಲಿ ಮಲಗಿ ಅದು ಬಡಿದುಕೊಳ್ಳುವುದನ್ನು ಕೇಳುತ್ತಿದ್ದೆ, ಪಕ್ಕದ ಮನೆಯ ಫೋನೇನೋ ಎಂಬ ಹಾಗೆ. ಎದ್ದು ಏನು ಮಾಡಬೇಕು? ಆ ವಾಸನೆ ತೊಳೆದುಹಾಕಬೇಕು, ಅವಳ ಹಿಡಿ ಉಜ್ಜಿಹಾಕಬೇಕು, ಆಗ ಅವಳ ಪಿಸ್ತೂಲು ನನಗೆ ಸಿಗುತ್ತದೆ. ಇದೆಂಥ ಸಿಗುವುದು?

ಸಂಜೆ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಫಿನ್‌ಬಾರ್, ಎರಡು ಮಾರು ಹಿಂದೆ ಸರಿದು ನಿಂತಿದ್ದ, ಏದುಸಿರು ಬಿಡುತ್ತ. ನಿಖಿತಾ ಅವನ ನಂಬರು ಹುಡುಕಿ ಫೋನ್ ಮಾಡಿದ್ದಳಂತೆ.

"ಬದುಕಿದ್ದೀಯಾ, ಬಾಯ್?"

"ಇದೀನಿ."

"ಗ್ರ್ಯಾಂಡ್" ಎಂದು ಹೊರಟುಹೋದ. ಗ್ರ್ಯಾಂಡ್ ಎಂದರೆ ಭವ್ಯ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಇಲ್ಲಿ ಅದಕ್ಕೆ ಅಷ್ಟೆಲ್ಲ ಅರ್ಥವಿಲ್ಲ. ಇದ್ದೀಯಲ್ಲ, ಸಾಕು ಎಂದಷ್ಟೇ.

ನಿಖಿತಾಗೆ ಫೋನ್ ಮಾಡಿದೆ. ಅವಳು ಬಿಕ್ಕುತ್ತಿದ್ದಳು. ಫೋನ್ ಎತ್ತದಿದ್ದುದಕ್ಕೆ ಇಷ್ಟೊಂದು ಯಾಕೆ ಅಳಬೇಕೋ. ಇನ್ನು ಮೇಲೆ ಎತ್ತುತ್ತೇನೆ ಎಂದೆ.

೧೧ ಜುಲೈ, ಭಾನುವಾರ

ಕ್ಲೀನ್ ಮಾಡಿದೆ. ನಿನ್ನೆ ಗುಂಡು, ಇವತ್ತು ನಳಿಗೆ.

ಮೊದಲ ಬಿಲ್ಲೆ ಬಿಳಿ ಮೇಣ ತಂದಿತು. ಎರಡನೆಯದರಲ್ಲಿ ಮೇಣದ ಜೊತೆ ಸೀಸದ ಕಪ್ಪು. ಒಂದೊಂದನ್ನೂ ಮೂಸಿ ನೋಡಿದೆ. ಯಾರೂ ನಗಲಿಲ್ಲ. ಫಿನ್‌ಬಾರ್ ಹೊರಗೆ ಹೋಗಿ ಸಿಗರೇಟು ಸೇದುತ್ತಿದ್ದ. ಬರಬರುತ್ತ ವಾಸನೆ ಕಡಿಮೆಯಾಯಿತು. ಕೊನೆಯ ಬಿಲ್ಲೆ ಹೇಗೆ ಹೋಗಿತ್ತೋ ಹಾಗೇ ಹೊರಗೆ ಬಂತು. ಅದರಲ್ಲಿ ಏನೂ ಇರಲಿಲ್ಲ. ಕಬ್ಬಿಣದ ವಾಸನೆ ಅಷ್ಟೇ.

ಏಳು ಒಳಗೆ, ಮೂರು ಹೊರಗೆ.

"ಮುಂದಿನ ವಾರ ಕೊನೆ" ಎಂದ ಫಿನ್‌ಬಾರ್. ಉಪ್ಪುಕಾಗದದ ಮಾತು ಎತ್ತಲಿಲ್ಲ, ಒಂದು ಹಾಳೆಯನ್ನು ಪಿಸ್ತೂಲಿನ ಪಕ್ಕ ಇಟ್ಟ. ನಾನು ಅದನ್ನು ಮಡಚಿ ಅವನ ಕಡೆಗೇ ತಳ್ಳಿದೆ.

೧೮ ಜುಲೈ, ಭಾನುವಾರ

ಇವತ್ತು ವಿಪರೀತ ಬಿಸಿಲು. ಊರೆಲ್ಲ ಚಡ್ಡಿಯಲ್ಲಿ ಓಡಾಡುತ್ತಿದೆ. ಬೆಳಿಗ್ಗೆಯೇ ಕಲ್ಲಿನ ಕಟ್ಟಡವೂ ಬೆಚ್ಚಗಾಗಿ, ಫಿನ್‌ಬಾರ್ ಎರಡೂ ಬಾಗಿಲು ತೆರೆದಿಟ್ಟಿದ್ದ.

ಮೊದಲನೆಯದು ಒಳಗೆ. ಎರಡು, ಮೂರು ಒಳಗೆ. ನಾನು ಏನನ್ನೂ ಯೋಚಿಸುತ್ತಿರಲಿಲ್ಲ. ಗುಂಡು ಇಡು, ಕೈ ಎತ್ತು, ಉಸಿರು ಅರ್ಧ ಬಿಡು, ತುದಿಯ ಗುರುತು ನೋಡು. ಹಿಂದಿನದು ಹೇಗೋ ಇದೂ ಹಾಗೇ. ಒಂಬತ್ತನೆಯದು ಬಿದ್ದಾಗ ಹಿಂದೆ ಯಾರೋ ಕುರ್ಚಿ ಸರಿಸಿದರು, ಫಿನ್‌ಬಾರ್ "ಶ್" ಎಂದ. ಆ ಶ್ ಕೇಳಿ ನನಗೆ ನೆನಪಾಯಿತು, ಇದು ಹತ್ತನೆಯದು, ಇದರ ಮೇಲೆ ಎಲ್ಲವೂ ನಿಂತಿದೆ ಎಂದು. ಬಿಸಿಲಿಗೆ ಅಂಗೈ ಬೆವೆತಿತ್ತು. ಅವಳ ಬೆರಳಿನ ತಗ್ಗಿನಿಂದ ನನ್ನ ಬೆರಳು ಒಂದು ಕೂದಲೆಳೆಯಷ್ಟು ಜಾರಿತು.

ಕಪ್ಪಿನ ಹೊರಗೆ, ಬಿಳಿಯ ಮೇಲೆ. ಬೆರಳಗಲವೂ ಇಲ್ಲ.

ಗುಂಡಿನದು ತಪ್ಪಲ್ಲ, ಎಣ್ಣೆಯದೂ ಅಲ್ಲ. ಫಿನ್‌ಬಾರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಹಣೆಗೇರಿಸಿ ನೋಡಿದ. ಎಷ್ಟು ನೋಡಿದರೂ ತೂತು ಇದ್ದಲ್ಲೇ ಇತ್ತು.

"ಬಾಯ್" ಎಂದ. ಕಾಗದವನ್ನು ನನ್ನ ಕೈಗೆ ಕೊಟ್ಟ.

"ಡೀಲರ್ ಯಾವಾಗ ಬರ್ತಾನೆ?"

"ತಿಂಗಳ ಕೊನೆಗೆ."

"ಕೊಂಡುಕೊಂಡವನು ಮೊದಲು ಏನು ಮಾಡ್ತಾನೆ?"

ನನಗೆ ಗೊತ್ತು. ಹಿಡಿಯನ್ನು ತನ್ನ ಕೈಗೆ ಉಜ್ಜಿಕೊಳ್ಳುತ್ತಾನೆ. ನಾನು ಮಾಡದೆ ಬಿಟ್ಟದ್ದನ್ನು ಯಾವನೋ ಮಾಡುತ್ತಾನೆ, ಅದೂ ಅರ್ಧ ಗಂಟೆಯಲ್ಲಿ. ಆಗ ಮಾತು ಹೊರಗೆ ಬಂತು. ಎಲ್ಲರೆದುರಿಗೆ ಬಂತು, ಹಾಳು ಇಂಗ್ಲಿಷಿನಲ್ಲಿ, ಪ್ರೆಸಿ ಗಿಸಿ ಏನೂ ಇಲ್ಲದೆ. ಶೂಟಿಂಗು ನನಗೆ ಬೇಕಾಗಿರಲಿಲ್ಲ, ಕಪ್ಪು ಬಿಳುಪು ಯಾವುದೂ ಬೇಕಾಗಿರಲಿಲ್ಲ. ಅವಳ ಕೈ ಅದರಲ್ಲಿದೆ. ಆಸ್ಪತ್ರೆಯವರು ಮುಟ್ಟಲು ಬಿಡಲಿಲ್ಲ. ಅವಳ ಕೈ ಹಿಡಿಯಬೇಕಿತ್ತು ನನಗೆ, ಅಷ್ಟೇ.

ಫಿನ್‌ಬಾರ್ ಡ್ರಾಯರಿನಿಂದ ಬಾಗಿದ ಸಣ್ಣ ಕಡ್ಡಿಯೊಂದನ್ನು ತೆಗೆದ. ಪಿಸ್ತೂಲು ತಿರುಗಿಸಿ, ಹಿಡಿಯ ಬುಡದಲ್ಲಿ ಅದನ್ನು ತೂರಿಸಿ ತಿರುಪಿದ. ಒಂದೇ ಒಂದು ತಿರುಪು. ಹಿಡಿ ಕಳಚಿ ಅವನ ಅಂಗೈಗೆ ಬಂತು. ಉಳಿದದ್ದು ಬರೀ ಕೊಳವೆ, ಯಂತ್ರ.

"ಮರಕ್ಕೆ ಲೈಸೆನ್ಸ್ ಇಲ್ಲ" ಎಂದು ನನ್ನ ಮುಂದಿಟ್ಟ. "ಕೊಳ್ಳೋನು ಬೇರೆ ಹಿಡಿ ಹಾಕಿಸ್ಕೊಳ್ತಾನೆ."

ನಾನು ಅದನ್ನು ನೋಡುತ್ತ ಕೂತೆ. "ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ನೀನು ಪಿಸ್ತೂಲು ಬೇಕು ಅಂದೆ. ಹಿಡಿ ಬೇಕು ಅಂದಿದ್ರೆ ಮಾರ್ಚಲ್ಲೇ ಕೊಟ್ಬಿಡ್ತಿದ್ನಲ್ಲೋ."

ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಮುಂದಿನ ಭಾನುವಾರ ಹೊಸ ಡಬ್ಬಿಗಳು ಬರುತ್ತವೆ, ಯಾರಿಗೂ ಆರಿಸುವ ತಾಳ್ಮೆಯಿಲ್ಲ ಎಂದ. ತಟ್ಟೆ ತರುತ್ತೇನೆ ಎಂದೆನಂತೆ. ಎಂದದ್ದು ನೆನಪಿಲ್ಲ, ಹೊರಡುವಾಗ ಅವನೇ ನೆನಪಿಸಿದ.

ಪಿಸ್ತೂಲು ಹೋಯಿತು. ಹಿಡಿ ಈಗ ಈ ಮೇಜಿನ ಮೇಲೆ, ನನ್ನ ಎಡಗೈಯ ಕೆಳಗಿದೆ. ಈಗಲೂ ನನ್ನ ಬೆರಳು ಅದರೊಳಗೆ ಕೂರುವುದಿಲ್ಲ. ಕೂರಬೇಕಾಗಿಯೂ ಇಲ್ಲ. ಅವಳಿಲ್ಲ, ಮರದ ತುಂಡು ಹಿಡಿದರೆ ಬರುವುದೂ ಇಲ್ಲ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ.

ಮುಖ ತೊಳೆಯಲು ಬಚ್ಚಲಿಗೆ ಹೋದಾಗ ಕಿಟಕಿಯ ಮೇಲೆ ಬಾಟಲಿ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು, ನೀರಿನ ಹಾಗೆ ತಿಳಿ. ಅಲ್ಲಾಡಿಸಿದೆ. ಅಲ್ಲಾಡಿತು.

ಫೋನ್ ಬಡಿದುಕೊಂಡಿತು. ಎತ್ತಿದೆ. ನಿಖಿತಾ. ಇವತ್ತು ಏನಾಯಿತು ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅದನ್ನು ಬಿಟ್ಟು ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ಎಣ್ಣೆ ಕರಗ್ತಾ?"

"ಕರಗ್ತು ಕಣಮ್ಮಾ" ಎಂದೆ.

ಇಬ್ಬರೂ ಫೋನ್ ಇಡಲಿಲ್ಲ. ಅವಳ ಕಡೆಯಿಂದ ವಿಮಾನವೊಂದು ಇಳಿಯುವ ಸದ್ದು ಕೇಳಿಸಿತು.

ಬಾಟಲಿ ತೆರೆದಿಟ್ಟರೆ ಎಣ್ಣೆ ಕೆಡುತ್ತದೆ, ನಾಳೆ ಮತ್ತೆ ಹೆಪ್ಪುಗಟ್ಟಿದರೂ ಗಟ್ಟಿತು. ಸುಮ್ಮನೆ ಹಾಳಾಗುವುದು ಬೇಡವೆಂದು ನೆತ್ತಿಗೆ ಸುರಿದುಕೊಂಡು ತಟ್ಟಿಕೊಂಡೆ. ಕೈಗೆ ಅಂಟಿದ್ದನ್ನು ಹಿಡಿಗೆ ಸವರಿದೆ, ನಳಿಗೆಗೆ ಆಗದಿದ್ದರೂ ಮರಕ್ಕೆ ಒಳ್ಳೆಯದು. ಕಣ್ಣಿಗೆ ಇಳಿದು ಉರಿಯುತ್ತಿದೆ, ಬರೆಯಲು ಆಗುತ್ತಿಲ್ಲ. ಸೀಗೆಪುಡಿ ಅವಳು ಇಟ್ಟಲ್ಲೇ ಇತ್ತು. ನೀರು ಕಾದಿದೆ. ಆರುವ ಮೊದಲು ಹೋಗಬೇಕು.